ಗುಡ್ಡದ ಸಾಲಿಗೊಂದು ಸನ್ಮಾನ

ಲಾಸ್ ಏಂಜಲೀಸ್, ವಿಮಾನ ನಿಲ್ದಾಣ

ಅಮೆರಿಕಕ್ಕೆ ಹೋಗುವವರು ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುತ್ತಾರೆ. ನಾನು ಶಾಲು ಒಯ್ದೆ. ಗದಗ ಜಿಲ್ಲೆಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಅಕ್ಕೋರಾಗಿ ಸೇರಿ, ಅಲ್ಲೇ ಹೆಡ್ ಅಕ್ಕೋರಾಗಿ ನಿವೃತ್ತಳಾದ ನನ್ನ ಮನೆಯಲ್ಲಿ ಬೇರೇನಿಲ್ಲದಿದ್ದರೂ ಸನ್ಮಾನದ ಶಾಲುಗಳಿಗೆ ಬರವಿಲ್ಲ. ಅವು ಚಳಿಗೂ ಆಗುವುದಿಲ್ಲ, ಸೆಕೆಗೂ ಆಗುವುದಿಲ್ಲ. ಇನ್ನೊಬ್ಬರ ಸನ್ಮಾನಕ್ಕೆ ಮಾತ್ರ ಆಗುತ್ತವೆ. ನಾನೇ ಹೊದಿಸಿದ ಶಾಲೊಂದು ಊರೂರು ತಿರುಗಿ ಎರಡು ವರ್ಷದ ಮೇಲೆ ನನ್ನ ಹೆಗಲಿಗೇ ಮರಳಿ ಬಂದದ್ದುಂಟು. ಬಂದ ಕೂಡಲೇ ಅಂಚಿನ ಕಲೆಯಿಂದ ಗುರುತು ಹಿಡಿದೆ.

ಈ ಸಲ ತಂಗಿಯ ಮಗಳು ವೀಣಾಳ ಮನೆಗೆ ಹೊರಟಾಗ ಆರಿಸಿ ನಾಲ್ಕು ಶಾಲು ಇಟ್ಟುಕೊಂಡೆ. ಜೊತೆಗೆ ಹಾವೇರಿಯ ಏಲಕ್ಕಿ ಹಾರ ಒಂದು. ದೂರದ ದೇಶ, ಯಾವಾಗ ಯಾರನ್ನು ಗೌರವಿಸಬೇಕಾಗುತ್ತದೋ ಹೇಳಲು ಬರುವುದಿಲ್ಲ. ನಾಲ್ಕರಲ್ಲಿ ಮರೂನ್ ಬಣ್ಣದ, ಅಗಲ ಜರಿಯಂಚಿನ ಶಾಲನ್ನು ಮಾತ್ರ ಯಾರಿಗೂ ಕೊಡಬಾರದೆಂದು ಬೇರೆ ಚೀಲದಲ್ಲಿ ಕಟ್ಟಿದ್ದೆ. ಕೊಡುವುದಿಲ್ಲವೆಂದ ಮೇಲೆ ಒಯ್ದದ್ದೇಕೆ ಎಂದು ಕೇಳಬೇಡಿ. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಲಾಸ್ ಏಂಜಲೀಸಿನ ಕಸ್ಟಮ್ಸ್ ಅಧಿಕಾರಿ ನನ್ನ ಸೂಟ್‌ಕೇಸ್ ಬಿಚ್ಚಿ, ಹಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಇದು ತಿನ್ನುವ ವಸ್ತುವೇ?”

“ತಿನ್ನಬಹುದು. ಆದರೆ ಮೊದಲು ಯಾರಿಗಾದರೂ ಹಾಕಬೇಕು.”

ಅವನು ಮೂಸಿ ನೋಡಿದ. ಪಕ್ಕದ ಮೇಜಿನ ಹೆಂಗಸನ್ನು ಕರೆದು ಅವಳಿಗೂ ಮೂಸಿಸಿದ. ಇಬ್ಬರೂ ಏನೋ ಮಾತಾಡಿಕೊಂಡು, ಹಾರವನ್ನು ನಾನು ಇಟ್ಟಿದ್ದಕ್ಕಿಂತ ಒಪ್ಪವಾಗಿ ಮಡಚಿ ಕೊಟ್ಟರು. ನಮ್ಮ ದೇಶದಲ್ಲಾದರೆ ಇಷ್ಟು ಹೊತ್ತು ಮೂಸಿದವರು ನಾಲ್ಕು ಏಲಕ್ಕಿಯನ್ನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಹೊರಗೆ ವೀಣಾ ಬಂದು ತಬ್ಬಿಕೊಂಡಳು. ಅವಳ ಗಂಡ ರಘು ಬೆಂಗಳೂರಿನವನು, ಬಲು ಮರ್ಯಾದೆಯ ಹುಡುಗ. “ಆಂಟಿ, ಸೀಟ್ ಬೆಲ್ಟ್ ಹಾಕ್ಕೊಳ್ಳಿ, ಟ್ರಾಫಿಕ್ ಇಲ್ದಿದ್ರೆ ಎರಡೇ ಗಂಟೆ,” ಎಂದ. ಟ್ರಾಫಿಕ್ ಇತ್ತು. ಆರು ಸಾಲು ಕಾರುಗಳು ಒಂದೂ ಹಾರ್ನ್ ಇಲ್ಲದೆ ಮೌನಾಚರಣೆಗೆ ಬಂದಂತೆ ನಿಂತಿದ್ದವು. ಇವರೆಲ್ಲ ಸಿಟ್ಟನ್ನು ಎಲ್ಲಿಟ್ಟುಕೊಳ್ಳುತ್ತಾರೆ ಎಂದು ಯೋಚಿಸುತ್ತ ನಿದ್ದೆ ಹೋದೆ.

ರಾಂಚೊ ಬರ್ನಾರ್ಡೊ

ವೀಣಾಳ ಮನೆ ಸ್ಯಾನ್ ಡಿಯಾಗೋದ ಉತ್ತರಕ್ಕೆ, ರಾಂಚೊ ಬರ್ನಾರ್ಡೊದಲ್ಲಿ. ಬೆಳಿಗ್ಗೆ ಗ್ಯಾರೇಜುಗಳ ಬಾಗಿಲು ಒಂದಾದ ಮೇಲೊಂದು ಏಳುತ್ತವೆ, ಕಾರು ಹೊರಬೀಳುತ್ತವೆ, ಬಾಗಿಲು ಇಳಿಯುತ್ತವೆ. ಆಮೇಲೆ ಬೀದಿಯಲ್ಲಿ ನಾನು, ಹುಲ್ಲಿಗೆ ನೀರು ಚಿಮ್ಮುವ ನಳಗಳು ಮತ್ತು ಒಂದು ನಾಯಿ. ನಾಯಿಯ ಹೆಸರು ಎರಡನೆಯ ದಿನವೇ ಗೊತ್ತಾಯಿತು. ಅದರ ಯಜಮಾನನ ಹೆಸರು ಕೊನೆಯವರೆಗೂ ತಿಳಿಯಲಿಲ್ಲ.

ಶನಿವಾರ ನನಗಾಗಿ ಊಟಕ್ಕೆ ಕನ್ನಡದ ಕುಟುಂಬಗಳು ಬಂದವು. ಪಕ್ಕದ ಬಡಾವಣೆ ರಾಂಚೊ ಪೆನಾಸ್ಕಿಟೋಸ್‌ನವರು ತಮ್ಮ ಕಡೆಯ ಶಾಲೆಗೆ ಹತ್ತಕ್ಕೆ ಹತ್ತು ಅಂಕ ಎಂದರು. ಫೋರ್ ಎಸ್ ರ್ಯಾಂಚ್‌ನವರು, ತಮ್ಮದಕ್ಕೂ ಹತ್ತೇ, ಆದರೆ ಕಟ್ಟಡ ಹೊಸದು ಎಂದರು. ನಾವು ಜಾತಕ ನೋಡಿ ಹೆಣ್ಣು ತರುವಂತೆ ಇಲ್ಲಿ ಶಾಲೆಯ ಅಂಕ ನೋಡಿ ಮನೆ ಕೊಳ್ಳುತ್ತಾರೆ. ಅಷ್ಟರಲ್ಲಿ ಒಬ್ಬಾಕೆ ವೀಣಾಳತ್ತ ತಿರುಗಿ, “ನೀವ್ಯಾಕೆ ಪಾಠ ಮಾಡೋಕೆ ಆ ಗುಡ್ಡದ ಸ್ಕೂಲಿಗೆ ಅಷ್ಟು ದೂರ ಡ್ರೈವ್ ಮಾಡ್ತೀರಾ? ಇಲ್ಲೇ ಅಪ್ಲೈ ಮಾಡ್ಬಾರ್ದಾ?” ಎಂದು ಕೇಳಿದಳು. ವೀಣಾ ನಕ್ಕು ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು.

ಎಲ್ಲರೂ ಹೋದ ಮೇಲೆ ಪಾತ್ರೆ ಜೋಡಿಸುತ್ತ ನನಗೆ ಮಾತ್ರ ಹೇಳಿದಳು.

“ದೊಡ್ಡವ್ವಾ, ನಮ್ಮ ಸಾಲಿ ಉಳೀತದೋ ಇಲ್ಲೋ ಗೊತ್ತಿಲ್ಲ. ಗುರುವಾರ ಬೋರ್ಡ್ ಮೀಟಿಂಗ್ ಐತಿ. ಅವತ್ತ ವೋಟ್ ಹಾಕ್ತಾರ.”

“ಹುಡುಗ್ರು ಕಡಿಮಿ ಆಗ್ಯಾರೇನು?”

“ಭಾಳ. ಮುಚ್ಚಿ, ಕೆಳಗಿನ ದೊಡ್ಡ ಡಿಸ್ಟ್ರಿಕ್ಟಿಗೆ ಸೇರಸೋದು ಅಂತ ಅರ್ಧ ಮಂದಿ. ಬ್ಯಾಡ ಅಂತ ಅರ್ಧ ಮಂದಿ.”

ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ನನ್ನ ಶಾಲೆಯೂ ಹಾಗೆಯೇ ಹೋಯಿತು. ನಾನು ನಿವೃತ್ತಳಾದ ವರ್ಷವೇ, ಮಕ್ಕಳು ಕಡಿಮೆಯೆಂದು ಪಕ್ಕದ ಊರಿನ ಶಾಲೆಗೆ ಸೇರಿಸಿಬಿಟ್ಟರು. ಮೇಲಿನಿಂದ ಒಂದು ಆದೇಶ ಬಂತು, ಅಷ್ಟೆ. ನಮ್ಮನ್ನು ಕೇಳಿದವರಿಲ್ಲ. ಬೀಗ ಹಾಕಿ ಕೀಲಿಯನ್ನು ಬಿಇಓ ಆಫೀಸಿಗೆ ಒಯ್ದು ಕೊಟ್ಟವಳು ನಾನೇ.

“ಗುರುವಾರ ನಾನೂ ಬರ್ತೀನಿ,” ಎಂದೆ. ಅವಳ ಶಾಲೆ ಉಳಿಯಲೇಬೇಕೆಂದು ಆ ಕ್ಷಣವೇ ನಿರ್ಧರಿಸಿಬಿಟ್ಟೆ, ನನ್ನ ನಿರ್ಧಾರಕ್ಕಾಗಿ ಕ್ಯಾಲಿಫೋರ್ನಿಯಾ ಕಾದು ಕುಳಿತಂತೆ.

ಗುಡ್ಡದ ಮೇಲೆ

ಗುರುವಾರ ಬೆಳಿಗ್ಗೆ ವೀಣಾಳ ಜೊತೆ ಹೊರಟೆ. ಎಲ್ಲರ ಕಾರೂ ಪೇಟೆಯತ್ತ ಇಳಿಯುವಾಗ ನಮ್ಮದೊಂದೇ ಮೇಲಕ್ಕೆ ಏರಿತು. ಮನೆಗಳು ಮುಗಿದವು, ಓಕ್ ಮರಗಳು ಬಂದವು, ಮೊಬೈಲಿನ ಸಿಗ್ನಲ್ ಹೋಯಿತು, ಕುದುರೆಗಳು ಕಂಡವು. ಫೆಬ್ರವರಿಯ ಬೆಟ್ಟಗಳೆಲ್ಲ ಹಸಿರು. ಈ ಹಸಿರನ್ನು ನಂಬಬೇಡ, ಬೇಸಿಗೆ ಕಳೆದು ಒಣಗಾಳಿ ಬೀಸತೊಡಗಿದರೆ ಇಲ್ಲಿ ಒಂದು ಕಿಡಿ ಸಾಕು ಎಂದಳು ವೀಣಾ.

ಇಲ್ಲಿ ಒಂದು ಸೀಮೆಯ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಆಡಳಿತಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಅಂಥದ್ದೆಂದ ಮೇಲೆ ದೊಡ್ಡ ಕಚೇರಿ, ಹತ್ತಾರು ಗುಮಾಸ್ತರು, ಬಾಗಿಲಲ್ಲಿ ಜವಾನ ಎಂದೆಲ್ಲ ಎಣಿಸಿದ್ದೆ. ಇಡೀ ಡಿಸ್ಟ್ರಿಕ್ಟಿಗೆ ಇದ್ದದ್ದು ಇದೊಂದೇ ಶಾಲೆ. ನಮ್ಮ ಡಿಡಿಪಿಐ ಸಾಹೇಬರಿಗೆ ಸಮನಾದ ಸೂಪರಿಂಟೆಂಡೆಂಟ್ ಕ್ಯಾರೊಲ್ ಎಂಬ ಹೆಂಗಸು ಹಳದಿ ಜಾಕೆಟ್ ಹಾಕಿಕೊಂಡು ಗೇಟಿನಲ್ಲಿ ಕಾರುಗಳಿಗೆ ಕೈ ತೋರಿಸುತ್ತಿದ್ದರು. ಹೆಡ್ ಮಿಸ್ಟ್ರೆಸ್ಸೂ ಅವರೇ. ಅಡುಗೆಯಾಕೆ ರಜೆ ಹಾಕಿದರೆ ಊಟ ಬಡಿಸುವುದೂ ಅವರೇ. ನಮ್ಮ ಸಾಹೇಬರು ಶಾಲೆಗೆ ಬರುತ್ತಾರೆಂದರೆ ಹಿಂದಿನ ದಿನವೇ ಸುಣ್ಣ ಹೊಡೆಸುತ್ತಿದ್ದುದು ನೆನಪಾಯಿತು.

ಆಟದ ಬಯಲಿನಲ್ಲಿ ಮಕ್ಕಳಿಗಿಂತ ಮೊದಲೇ ಕಾಡು ಟರ್ಕಿ ಕೋಳಿಗಳು ಹಾಜರಿದ್ದವು. ಮರಳಿನ ಗುಂಡಿಯ ಪಕ್ಕ ಹಾವಿನ ಎಚ್ಚರಿಕೆಯ ಬೋರ್ಡು. ಹಿಂದುಗಡೆ ದೊಡ್ಡ ತರಗತಿಯ ಮಕ್ಕಳು ಸಾಕಿದ ಆಡುಗಳು. ನಾನು ತರಗತಿಯೊಳಗೆ ಕಾಲಿಟ್ಟೆ. ಒಬ್ಬರೂ ಎದ್ದು ನಿಲ್ಲಲಿಲ್ಲ! ಇಬ್ಬರು ಹುಡುಗರು ಕಾರ್ಪೆಟ್ ಮೇಲೆ ಬೋರಲು ಮಲಗಿ ಓದುತ್ತಿದ್ದರು. ಒಬ್ಬಳು ತಲೆಯೆತ್ತಿ “ಹಾಯ್” ಎಂದಳು. ನಿವೃತ್ತಿಯ ನಂತರವೂ ನನ್ನನ್ನು ಕಂಡರೆ ಬಸ್ಸಿನಲ್ಲಿ ಎದ್ದು ನಿಲ್ಲುವವರಿದ್ದಾರೆ ಎಂದು ಅವಳಿಗೆ ಹೇಳಬೇಕೆನಿಸಿತು. ಸಿಟ್ಟು ನುಂಗಿಕೊಂಡು ಉಗುರು ತಪಾಸಣೆ ಮಾಡಿದೆ. ಮಕ್ಕಳಿಗೆ ಅದು ಹೊಸ ಆಟವಾಗಿ, ತೋರಿಸಿದವರೇ ಮತ್ತೆ ಮತ್ತೆ ಬಂದು ಕೈ ಚಾಚಿದರು. ಮಲಗಿ ಓದುತ್ತಿದ್ದ ಹುಡುಗನೊಬ್ಬನನ್ನು ಪ್ರಶ್ನೆ ಕೇಳಿದರೆ ಪುಸ್ತಕದ ಕಥೆಯನ್ನೆಲ್ಲ ಹೇಳಿದ. ಮಲಗಿದರೂ ವಿದ್ಯೆ ಒಳಗೆ ಹೋಗುತ್ತದೆ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತೆ.

ಮಧ್ಯಾಹ್ನ ಮಕ್ಕಳ ಜೊತೆ ಸಾಲಿನಲ್ಲಿ ಕುಳಿತು ಹುರುಳಿಕಾಯಿ, ಸೇಬು, ಅನ್ನ ತಿಂದೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಗಂಗವ್ವ ಕಣ್ಣ ಮುಂದೆ ಬಂದಳು. ಈ ಅನ್ನವನ್ನು ಕಂಡಿದ್ದರೆ ಅವಳು ಮತ್ತೆ ಒಲೆಗೇರಿಸುತ್ತಿದ್ದಳು.

ಸಭೆಗೆ ಮೊದಲು

ಸಂಜೆ ರಘು ಆಫೀಸು ಮುಗಿಸಿ ಮಗಳು ಈಶಾಳನ್ನು ಕರೆದುಕೊಂಡು ಗುಡ್ಡದ ಶಾಲೆಗೇ ಬಂದ. ಈಶಾಳಿಗೆ ಹನ್ನೆರಡು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಬಗಲಚೀಲ ಉಬ್ಬಿದ್ದು ನೋಡಿ “ಅಜ್ಜಿ, ವಾಟ್ಸ್ ಇನ್ ದೇರ್?” ಎಂದಳು. “ಏನಿಲ್ಲವಾ” ಎಂದೆ.

ಇತ್ತು. ನನ್ನ ಲೆಕ್ಕಾಚಾರ ಹೀಗೆ. ದೊಡ್ಡವರಿಂದ ಕೆಲಸವಾಗಬೇಕಿದ್ದರೆ ಮೊದಲು ಶಾಲು ಹೊದಿಸಿ ಹಾರ ಹಾಕಿ ನಾಲ್ಕು ಒಳ್ಳೆಯ ಮಾತಾಡಬೇಕು. ಸಭೆಯ ಮುಂದೆ ಉಬ್ಬಿದ ಮನುಷ್ಯನಿಗೆ ಆಮೇಲೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ನಮ್ಮ ಶಾಲೆಯ ಕಾಂಪೌಂಡ್ ಗೋಡೆ ಎದ್ದದ್ದು ಹಾಗೆಯೇ, ನೀರಿನ ಟ್ಯಾಂಕು ಬಂದದ್ದೂ ಹಾಗೆಯೇ. ಬೆಳಿಗ್ಗೆ ಮೂರು ಶಾಲು ತೆಗೆದು ನೋಡಿದ್ದೆ. ಒಂದೂ ಮನಸ್ಸಿಗೆ ಬರಲಿಲ್ಲ. ಶಾಲೆ ಉಳಿಸುವ ಕೆಲಸಕ್ಕೆ ಎಂಥದೋ ಶಾಲು ನಡೆಯುವುದಿಲ್ಲವೆಂದು ಮರೂನ್ ಬಣ್ಣದ್ದನ್ನೇ ಹಾರದ ಜೊತೆ ಇಟ್ಟುಕೊಂಡಿದ್ದೆ. ವೀಣಾಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದಳು.

ಸಭೆ ಇದ್ದದ್ದು ಶಾಲೆಯ ಊಟದ ಹಾಲಿನಲ್ಲಿ. ಮಾಸಿದ ಟೋಪಿಯ, ಅಂಗಿಗೆ ಒಣಹುಲ್ಲು ಮೆತ್ತಿಕೊಂಡ ದಪ್ಪನೆಯ ಮನುಷ್ಯನೊಬ್ಬ ಕುರ್ಚಿ ಹಾಕುತ್ತಿದ್ದ. ಸಾಲು ಹಾವಿನಂತೆ ಡೊಂಕಾಗಿತ್ತು. ನನಗೆ ಡೊಂಕು ಸಾಲು ಕಂಡರೆ ಆಗುವುದಿಲ್ಲ.

“ಇದೇನು ಸಾಲು? ನೇರ ಮಾಡಿ,” ಎಂದು ಇಂಗ್ಲಿಷಿನಲ್ಲೇ ಗದರಿದೆ.

“ಎಸ್ ಮ್ಯಾಮ್,” ಎಂದು ಆತ ಮೊದಲಿನಿಂದ ಜೋಡಿಸಿದ. ಎರಡನೆಯ ಸಾಲನ್ನು ಕೇಳದೆಯೇ ನೆಟ್ಟಗೆ ಹಾಕಿದ. ಕಲಿಸಿದರೆ ಕಲಿಯುವ ಜನ ಎಂದುಕೊಂಡೆ. ಆಮೇಲೆ ಆತ ಕೈ ತೊಳೆದು ಬಂದು ಮುಂದಿನ ಮೇಜಿನ ನಟ್ಟನಡುವೆ ಕುಳಿತ. ಬೋರ್ಡಿನ ಅಧ್ಯಕ್ಷ ಡೇಲ್ ಎಂದರೆ ಅವನೇ.

ವೀಣಾ ಹಣೆ ಚಚ್ಚಿಕೊಂಡಳು. “ದೊಡ್ಡವ್ವಾ, ದೇವರಾಣಿ, ಇನ್ನೇನೂ ಮಾಡಬ್ಯಾಡ.”

ಸಭೆ

ಇಲ್ಲಿಯ ಪದ್ಧತಿ ಹೀಗಿದೆ. ವೋಟ್ ಹಾಕುವ ಮೊದಲು ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ಊರಿನವರೇ ಆಗಬೇಕೆಂದಿಲ್ಲ. ಕ್ಯಾರೊಲ್ ಅಡುಗೆಮನೆಯ ಟೈಮರ್ ಒಂದನ್ನು ತಿರುಗಿಸಿ ಮುಂದಿಟ್ಟಿದ್ದರು. ಅದು ಕೋಳಿಯ ಆಕಾರದ್ದು. ಗಣರಾಜ್ಯೋತ್ಸವದಲ್ಲಿ ನಮ್ಮ ಮುಖಂಡರ ಮುಂದೆ ಇಂಥ ಕೋಳಿ ಒಂದಿದ್ದಿದ್ದರೆ ಎಷ್ಟು ಮಕ್ಕಳು ಬಿಸಿಲಿಗೆ ತಲೆಸುತ್ತಿ ಬೀಳುವುದು ತಪ್ಪುತ್ತಿತ್ತೋ.

ಮೊದಲು ಒಬ್ಬ ಮುದುಕಿ ಎದ್ದಳು. ತಾನು, ತನ್ನ ಮಗ, ಮೊಮ್ಮಗಳು ಮೂವರೂ ಇದೇ ಶಾಲೆಯವರು ಎಂದಳು. ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಜನ ಬಂದು ಮಲಗಿದ್ದು ಇದೇ ಹಾಲಿನಲ್ಲಿ, ಇದಕ್ಕೆ ಬೀಗ ಬಿದ್ದರೆ ನಾವು ಎಲ್ಲಿಗೆ ಓಡುವುದು ಎಂದು ಕೇಳಿದಳು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಒಬ್ಬಳೇ ತಟ್ಟಿದೆ ಎಂದು ಆಮೇಲೆ ತಿಳಿಯಿತು.

ನಂತರ ಟೀನಾ ಎಂಬ ಎಳೆಯ ವಯಸ್ಸಿನ ತಾಯಿ. “ನನ್ನ ಮಗನ ತರಗತಿಯಲ್ಲಿ ಅವನನ್ನು ಬಿಟ್ಟರೆ ಇಬ್ಬರೇ. ಆ ಇಬ್ಬರೂ ಅವನ ಜೊತೆ ಆಡುವುದಿಲ್ಲ. ಅವನಿಗೆ ತುತ್ತೂರಿ ಕಲಿಯಬೇಕು, ಕಲಿಸುವವರಿಲ್ಲ. ನನಗೂ ಈ ಶಾಲೆ ಇಷ್ಟ. ಆದರೆ ನಮ್ಮ ನೆನಪಿಗಾಗಿ ಅವನು ಒಂಟಿಯಾಗಿರಬೇಕೇ?” ಎಂದಳು. ಕೋಳಿ ಬಡಿದುಕೊಳ್ಳುವ ಮೊದಲೇ ಕುಳಿತುಬಿಟ್ಟಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಎದ್ದೆ. ನೆಟ್ಟಗೆ ಡೇಲ್‌ನ ಬಳಿ ಹೋಗಿ ಶಾಲು ಬಿಡಿಸಿದೆ. ಆತ ಕುರ್ಚಿಸಮೇತ ಹಿಂದೆ ಸರಿದ.

“ಮ್ಯಾಮ್, ಇದನ್ನು ನಾನು ತೆಗೆದುಕೊಳ್ಳುವಂತಿಲ್ಲ. ಈಗ ವೋಟ್ ಹಾಕಬೇಕು. ಉಡುಗೊರೆ ಪಡೆದಂತಾಗುತ್ತದೆ.”

ಶಾಲು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಇವರ ಕಣ್ಣಿಗೆ ನಾನು ಲಂಚ ಕೊಡಲು ಬಂದವಳು! ಜನ್ಮದಲ್ಲಿ ಯಾರಿಗೂ ಒಂದು ಕಪ್ ಚಹಾದ ಲಂಚ ಕೊಟ್ಟವಳಲ್ಲ ನಾನು. ಕಣ್ಣು ತುಂಬಿ ಬಂತು. ಕಲಿತ ಇಂಗ್ಲಿಷೆಲ್ಲ ಓಡಿಹೋಯಿತು. ವೀಣಾ ಮುಖ ಮುಚ್ಚಿಕೊಂಡಿದ್ದಳು. ಆಗ ಪಕ್ಕಕ್ಕೆ ಯಾರೋ ಬಂದು ನಿಂತರು. ನೋಡಿದರೆ ಈಶಾ.

“ಅಜ್ಜಿ, ಕನ್ನಡದಲ್ಲೇ ಹೇಳಿ. ನಾನು ಹೇಳ್ತೀನಿ ಅವರಿಗೆ,” ಎಂದಳು. ನಾನು ಬಂದಾಗಿನಿಂದ ಅವಳ ಬಾಯಿಂದ ಕೇಳಿದ ಮೊದಲ ಕನ್ನಡ ಅದು.

ಹೇಳಿದೆ. “ನಂದೂ ಒಂದು ಸಣ್ಣ ಸಾಲಿ ಇತ್ತು. ಹುಡುಗ್ರು ಕಡಿಮಿ ಆದ್ರು ಅಂತ ಮುಚ್ಚಿದ್ರು. ಯಾರೂ ನಮ್ಮನ್ನ ಕೇಳಲಿಲ್ಲ. ಕೋಳಿ ಇಟ್ಟು ಮೂರ ನಿಮಿಷ ಕೊಡಲಿಲ್ಲ. ಈ ಶಾಲು ನಾ ರಿಟೈರ್ ಆದಾಗ ಆ ಸಾಲ್ಯಾಗ ಹೊದಿಸಿದ್ದು. ಅದ ಅಲ್ಲಿ ಕಡೀ ಕಾರ್ಯಕ್ರಮ. ಎಲ್ಲಾರೂ ಸೇರಿ ನನ್ನ ಬೀಳ್ಕೊಟ್ರು…”

ಅಷ್ಟರಲ್ಲಿ ಕೋಳಿ ಬಡಿದುಕೊಂಡಿತು. ಈಶಾ ಇನ್ನೂ ಅರ್ಧ ಅನುವಾದದಲ್ಲಿದ್ದಳು. ಕ್ಯಾರೊಲ್ ಏನು ಮಾಡಬೇಕೆಂದು ತಿಳಿಯದೆ ಡೇಲ್‌ನ ಮುಖ ನೋಡಿದರು. ಆಗ ಹಿಂದಿನ ಸಾಲಿನಿಂದ ಟೀನಾ ಎದ್ದು, “ನನ್ನ ಸಮಯ ಉಳಿದಿದೆಯಲ್ಲ, ಅದನ್ನು ಅವರಿಗೆ ಕೊಡಿ,” ಎಂದಳು. ಶಾಲೆ ಮುಚ್ಚಿರೆಂದವಳು! ಇಲ್ಲಿ ಹಾಗೆ ಕೊಡಬಹುದಂತೆ. ಕ್ಯಾರೊಲ್ ಮತ್ತೆ ಕೋಳಿ ತಿರುಗಿಸಿದರು.

“ನನ್ನ ಬೀಳ್ಕೊಟ್ರು,” ಎಂದೆ. “ಆದ್ರ ಸಾಲೀನ್ನ ಯಾರೂ ಬೀಳ್ಕೊಡಲಿಲ್ಲ. ಸುಮ್ಮನ ಕೀಲಿ ಹಾಕಿದ್ವಿ. ಇಷ್ಟು ಮಂದಿ ಕಲಿತ ಜಾಗಕ್ಕ ಒಂದು ಹೂವಿನ ಎಸಳೂ ಹಾಕಲಿಲ್ಲ. ನೀವು ಇಟಗೋಳ್ರಿ, ಬಿಡ್ರಿ, ಅದು ನಿಮ್ಮ ಊರ ಮಾತು. ಹಂಗ ಮಾತ್ರ ಕಳಸಬ್ಯಾಡ್ರಿ.”

ಈಶಾ ನನ್ನಂತೆಯೇ ಕೈ ಆಡಿಸುತ್ತ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮುದುಕಿ ಮೂಗೊರೆಸಿಕೊಂಡಳು. ಡೇಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಆಗ ಬೋರ್ಡಿನ ಒಬ್ಬ ಹೆಂಗಸು ಕೈ ಎತ್ತಿ, ಒಬ್ಬ ವ್ಯಕ್ತಿ ತೆಗೆದುಕೊಳ್ಳುವಂತಿಲ್ಲ ಸರಿ, ಡಿಸ್ಟ್ರಿಕ್ಟಿನ ಹೆಸರಿನಲ್ಲಿ ಸ್ವೀಕರಿಸಬಹುದಲ್ಲ ಎಂದಳು. ಇನ್ನೊಬ್ಬ ಅನುಮೋದಿಸಿದ. ಮೂರನೆಯವನು, ಹಾರ ತಿನ್ನುವಂಥದ್ದಾದರೆ ಅಡುಗೆಮನೆಗೆ ಹೋಗಬೇಕೇ ಎಂದು ತಕರಾರು ತೆಗೆದ. ಚರ್ಚೆಯಾಯಿತು. ಒಂದು ಶಾಲು, ಒಂದು ಹಾರ, ಇಡೀ ಡಿಸ್ಟ್ರಿಕ್ಟಿನ ಆಸ್ತಿಯೆಂದು ಐದಕ್ಕೆ ಐದೂ ಮತದಿಂದ ಅಂಗೀಕಾರವಾಯಿತು. ಆ ವರ್ಷ ಅವರೆಲ್ಲ ಒಂದೇ ಕಡೆ ಕೈ ಎತ್ತಿದ್ದು ಅದೇ ಮೊದಲೆಂದು ವೀಣಾ ಆಮೇಲೆ ಹೇಳಿದಳು.

ನಂತರ ಅಸಲು ವೋಟು. ಮುಚ್ಚುವುದಕ್ಕೆ ಇಬ್ಬರು, ಬೇಡವೆಂದು ಇಬ್ಬರು. ಕೊನೆಗೆ ಡೇಲ್ ಉಳಿದ. ಆತ ತುಂಬಾ ಹೊತ್ತು ಕುರ್ಚಿಗಳ ಸಾಲನ್ನೇ ನೋಡಿದ. ಮುಚ್ಚುವುದಕ್ಕೆ ಕೈ ಎತ್ತಿದ.

ನಾನು ಸಿಟ್ಟಿನಿಂದ ಹೊರಗೆ ಬಂದೆ. ಆತ ಹಿಂದೆಯೇ ಬಂದ. “ನಾನೂ ಇಲ್ಲೇ ಕಲಿತವನು, ಮ್ಯಾಮ್. ಆದರೆ ಟೀನಾ ಹೇಳಿದ್ದು ನಿಜ,” ಎಂದ. ಅವನೊಂದಿಗೆ ಜಗಳವಾಡಬೇಕೆಂದು ತುಂಬಾ ಆಸೆಯಿತ್ತು. ಅಷ್ಟು ದೊಡ್ಡ ಮನುಷ್ಯ ತೋಳಿನಿಂದ ಕಣ್ಣೊರೆಸಿಕೊಳ್ಳುವಾಗ ಹೇಗೆ ಆಡುವುದು?

ವಾಪಸು ಬರುವ ದಾರಿಯಲ್ಲಿ ವೀಣಾ ಅತ್ತಳು. ನಾನೂ ಅತ್ತೆ. ಹಿಂದಿನ ಸೀಟಿನಿಂದ ಈಶಾ ಇಬ್ಬರಿಗೂ ಒಂದೊಂದು ಟಿಶ್ಯೂ ಕೊಟ್ಟಳು.

ಮರಳಿ ಗದಗ

ಏಪ್ರಿಲಿನಲ್ಲಿ ಊರಿಗೆ ಬಂದೆ. ವೀಣಾಳಿಗೆ ಕೆಳಗಿನ ಡಿಸ್ಟ್ರಿಕ್ಟಿನಲ್ಲೇ ಕೆಲಸ ಸಿಕ್ಕಿತು ಎಂದು ಫೋನಿನಲ್ಲಿ ತಿಳಿಯಿತು. ಶಾಲು ಏನಾಯಿತೆಂದು ನಾನು ಕೇಳಲಿಲ್ಲ. ಕೊಟ್ಟದ್ದನ್ನು ಕೇಳಬಾರದು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ವಾಟ್ಸ್ಯಾಪಿಗೆ ವಿಡಿಯೋ ಬಂತು. ಶಾಲೆಯ ಕೊನೆಯ ದಿನದ್ದು, ಈಶಾ ತೆಗೆದದ್ದು. ಬಯಲಿನಲ್ಲಿ ಊರಿಗೆ ಊರೇ ನೆರೆದಿತ್ತು. ಎಲ್ಲರಿಗಿಂತ ಚಿಕ್ಕ ಮಗುವಿನ ಹೆಗಲಿಗೆ ಡೇಲ್ ನನ್ನ ಮರೂನ್ ಶಾಲು ಹೊದಿಸಿದ. ಮಗು ಅದನ್ನು ತೆಗೆದು ಪಕ್ಕದವನಿಗೆ ಹೊದಿಸಿತು. ಅವನು ಮುಂದಿನವಳಿಗೆ. ಹೀಗೆ ಮಕ್ಕಳೆಲ್ಲ ಮುಗಿದು, ಟೀನಾ, ಕ್ಯಾರೊಲ್, ಅಡುಗೆಯಾಕೆ, ವೀಣಾ, ಆ ಮುದುಕಿ, ಎಲ್ಲರ ಹೆಗಲನ್ನೂ ಸುತ್ತಿ ಬಂತು. ಕೊನೆಗೆ ಅದನ್ನು ಶಾಲೆಯ ಬಾಗಿಲಿನ ಮೇಲೆ ಅಗಲಿಸಿ ಕಟ್ಟಿ, ನಡುವೆ ಏಲಕ್ಕಿ ಹಾರ ತೂಗುಹಾಕಿದರು. ಹಾರದ ಕೆಳಭಾಗ ಸ್ವಲ್ಪ ಬೋಳಾಗಿತ್ತು, ಅಡುಗೆಮನೆಗೆ ಹೋಗಿ ಬಂದಿರಬೇಕು. ಫೋನು ಹಿಡಿದ ಈಶಾಳ ದನಿ ಕೇಳಿಸಿತು. “ಅಜ್ಜಿ, ನೋಡಿ. ಸ್ಕೂಲ್‌ಗೆ ಸನ್ಮಾನ ಮಾಡ್ತಿದೀವಿ.”

ಎರಡು ಸಲ ನೋಡಿದೆ. ಮೂರನೆಯ ಸಲಕ್ಕೆ ಕಣ್ಣು ಮಂಜಾಗಿ ಕಾಣಲಿಲ್ಲ. ಎದ್ದು ಅಲಮಾರಿ ತೆರೆದು ಇದ್ದುದರಲ್ಲಿ ಒಳ್ಳೆಯ ಶಾಲೊಂದನ್ನು ಆರಿಸಿ ಇಸ್ತ್ರಿ ಮಾಡಿದೆ. ಆಮೇಲೆ ಹಳ್ಳಿಯಲ್ಲಿರುವ ಗಂಗವ್ವನಿಗೆ ಫೋನ್ ಹಚ್ಚಿದೆ.

“ಗಂಗವ್ವಾ, ನಾಳೆ ಬರ್ತೀನಿ. ಹಳೇ ಹುಡುಗ್ರು ಊರಾಗ ಯಾರ‍್ಯಾರ ಅದಾರ ಅವರ‍್ನೆಲ್ಲಾ ಕರೀ. ಸಾಲಿ ಅಂಗಳ ಕಸ ಹೊಡದು ಕುರ್ಚಿ ಹಾಕ್ಸು.”

“ಯಾರಿಗ್ರೀ ಅಕ್ಕೋರ, ಸನ್ಮಾನ?”

“ಸಾಲಿಗೆ.”

ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. “ಹಾಕ್ಸತೀನ್ರೀ,” ಎಂದಳು.

“ಸಾಲು ನೆಟ್ಟಗಿರ‍್ಲಿ ಮತ್ತ,” ಎಂದೆ.